ದೊಡ್ಡ ಮಾವನಿಗೆ ಮೊದಲ ಹೇಳಿಕೆ

ನನ್ನ ಮೊಣಕಾಲಿನ ನೋವಿಗೆ ವಯಸ್ಸೇ ಕಾರಣ ಎಂದು ಡಾಕ್ಟರರು ಹೇಳುತ್ತಾರೆ. ನಾನು ತಲೆಯಾಡಿಸುತ್ತೇನೆ. ಕಾರಣ ನನ್ನ ದೊಡ್ಡ ಮಾವ ಎಂದು ಅವರಿಗೆ ಹೇಳಿ ಪ್ರಯೋಜನವಿಲ್ಲ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಂಗಳೂರಿನ ಬಿಜೈಯ ಸಣ್ಣ ಹಂಚಿನ ಮನೆಯಲ್ಲಿ ಅಮ್ಮ, ಅಕ್ಕ, ನಾನು ಮೂವರೇ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ನಾನು ಕೊಡಿಯಾಲ್‌ಬೈಲಿನ ಒಂದು ಕಚೇರಿಯಲ್ಲಿ ಗುಮಾಸ್ತ. ಹೊಸದಾಗಿ ಮೀಸೆ ಬಿಟ್ಟಿದ್ದೆ, ಹಳೆಯದೊಂದು ಸೈಕಲ್ ಇತ್ತು, ಇವೆರಡರ ಮೇಲೂ ನನಗೆ ಸ್ವಲ್ಪ ಜಂಬವಿತ್ತು. ಅಕ್ಕನಿಗೆ ಮದುವೆ ಗೊತ್ತಾಗಿತ್ತು. ಹಿಂದೊಮ್ಮೆ ಗೊತ್ತಾದದ್ದು ಮುರಿದುಬಿದ್ದಿದ್ದರಿಂದ ಈ ಸಲ ಮನೆಯಲ್ಲಿ ಯಾರೂ ಗಟ್ಟಿಯಾಗಿ ನಗುತ್ತಲೂ ಇರಲಿಲ್ಲ.

ನಮ್ಮಲ್ಲಿ ಮದುವೆಯ ಹೇಳಿಕೆ ಎಂದರೆ ಕಾಗದವನ್ನು ಅಂಚೆಗೆ ಹಾಕಿ ಕೈತೊಳೆದುಕೊಳ್ಳುವುದಲ್ಲ. ಮನೆಗೇ ಹೋಗಬೇಕು, ಅವರು ಕೊಟ್ಟ ಬೆಲ್ಲ ನೀರು ಕುಡಿಯಬೇಕು, ಕಾಗದ ಕೈಗಿತ್ತು ಬಾಯಿ ತುಂಬ ಕರೆಯಬೇಕು. ಅದಕ್ಕೊಂದು ಸರತಿ ಬೇರೆ. ಮೊದಲ ಹೇಳಿಕೆ ಅಮ್ಮನ ಅಣ್ಣನಿಗೆ, ಅಂದರೆ ದೊಡ್ಡ ಮಾವನಿಗೆ. ಧಾರೆ ಎರೆದು ಕೊಡಬೇಕಾದವರು ಅವರೇ. ಅವರು ಮುನಿಸಿಕೊಂಡು ಬಾರದಿದ್ದರೆ ಗಂಡಿನ ಕಡೆಯವರು ಯಾಕೆ ಎಂದು ಕೇಳುತ್ತಾರೆ. ಕೇಳಲು ಶುರುಮಾಡಿದರೆ ಹಳೆಯ ಸಂಬಂಧ ತಪ್ಪಿದ ಕಥೆಯೂ ಹೊರಗೆ ಬರುತ್ತದೆ. ಆಮೇಲೆ ಈ ಮದುವೆಯೂ ಉಳಿಯುತ್ತದೆ ಎಂದು ಹೇಳುವ ಧೈರ್ಯ ಅಮ್ಮನಿಗಿರಲಿಲ್ಲ.

ದೊಡ್ಡ ಮಾವನ ಮನೆ ಇಪ್ಪತ್ತೆರಡು ಮೈಲು ದೂರ. ಅವರ ತಮ್ಮ, ನಮ್ಮ ಸಣ್ಣ ಮಾವನ ಮನೆ, ಅದೇ ದಾರಿಯಲ್ಲಿ ಹದಿನೈದು ಮೈಲಿಗೆ ಸಿಗುತ್ತದೆ.

"ಹೋಗುವಾಗ ಅಲ್ಲಿ ಇಳಿಯಬೇಡ ಮಗಾ, ಬರುವಾಗ ಇಳಿ" ಎಂದು ಅಮ್ಮ ಹತ್ತು ಸಲ ಹೇಳಿ ಕಳಿಸಿದಳು.

ಗುರುಪುರದ ಸೇತುವೆ ದಾಟಿ ಸ್ವಲ್ಪ ದೂರ ಹೋದ ಮೇಲೆ ಬಸ್ಸಿನ ರಸ್ತೆ ಬಿಡಬೇಕು. ಅಲ್ಲಿಂದ ಮುಂದೆ ಕಾಡಿನೊಳಗೆ ಕೆಂಪು ಜಲ್ಲಿಯ ದಾರಿ. ಬಸ್ಸಿಲ್ಲ, ಲಾರಿಯಿಲ್ಲ, ಒಂದು ಎತ್ತಿನ ಗಾಡಿ ಎದುರಾದರೆ ಅದೇ ದೊಡ್ಡ ಸುದ್ದಿ. ಈಗಿನವರು ಇಂಥ ದಾರಿಯನ್ನೇ ಹುಡುಕಿಕೊಂಡು ಹೋಗಿ ಖುಷಿಗೆ ಸೈಕಲ್ ತುಳಿಯುತ್ತಾರಂತೆ. ತುಳಿಯಲಿ, ನನ್ನದೇನು ಹೋಗುತ್ತದೆ. ನನಗೆ ನೆನಪಿರುವುದು ಹ್ಯಾಂಡಲಿನಿಂದ ಭುಜದವರೆಗೆ ಏರುತ್ತಿದ್ದ ನಡುಕ, ಹಲ್ಲಿನ ಸಂದಿಗೆ ಸೇರುತ್ತಿದ್ದ ಧೂಳು, ಎರಡು ಮೈಲಿಗೊಮ್ಮೆ ಕಳಚುವ ಚೈನು. ಕಾಡಿನಲ್ಲಿ ನೆರಳಿತ್ತು, ಸುಳ್ಳು ಹೇಳಬಾರದು. ಆದರೆ ಬೇಸಿಗೆಯ ತರಗೆಲೆ ಜಲ್ಲಿಯನ್ನು ಮುಚ್ಚಿಕೊಂಡು ಎಲ್ಲಿ ಗುಂಡಿ, ಎಲ್ಲಿ ಕಲ್ಲು ಎಂದು ತಿಳಿಯುತ್ತಿರಲಿಲ್ಲ. ಎರಡು ಸಲ ಬಿದ್ದೆ.

ಕಾಡು ಮುಗಿದಲ್ಲಿ ದೊಡ್ಡದೊಂದು ಕೆರೆ. ಕೆರೆಯ ದಂಡೆಯಲ್ಲೇ ದಾರಿ, ದಾರಿಯ ಬದಿಗೇ ಸಣ್ಣ ಮಾವನ ಮನೆ. ಮಾವ ಗದ್ದೆಗೆ ಹೋಗಿದ್ದರು. ಮಾಮಿ ಅಂಗಳದಲ್ಲಿ ನಿಂತಿದ್ದಳು.

"ಎಂತ ಮಾರಾಯ, ಹಾಗೆಯೇ ಹೋಗ್ತೀಯಾ? ಮುಖ ನೋಡು, ಒಣಮೀನಿನ ಹಾಗೆ ಆಗಿದೆ!"

ಅಮ್ಮನ ಮಾತು ನೆನಪಿತ್ತು. ಆದರೆ ಕಾಲು ಕೇಳಲಿಲ್ಲ. ಇಳಿದೆ. ಬೆಲ್ಲ ನೀರು ಕುಡಿದೆ, ಅದರ ಹಿಂದೆ ಕರಿಬೇವು ಹಾಕಿದ ಮಜ್ಜಿಗೆ, ಅದರ ಹಿಂದೆ ಗಂಜಿ. ಬಂದ ವಿಷಯ ಎಂತ ಎಂದು ಅವಳು ಕೇಳಿದಳು, ನಾನು ಕಾಗದ ತೆಗೆದು ಕೊಟ್ಟುಬಿಟ್ಟೆ. ಅವಳಿಗೆ ಸಂತೋಷವೋ ಸಂತೋಷ. ಹೊರಡುವಾಗ ಅಮ್ಮನಿಗೆಂದು ಎರಡು ಸೌತೆಕಾಯಿ ತಂದು ತೆಂಗಿನ ಗರಿಯ ಸೀಳಿನಿಂದ ಜಡೆಯ ಹಾಗೆ ಹೆಣೆದು ಕ್ಯಾರಿಯರಿಗೆ ಕಟ್ಟಿದಳು.

ಅಲ್ಲಿಂದ ಮುಂದೆ ಕಮರಿ. ಎರಡು ಗುಡ್ಡಗಳ ನಡುವೆ ದಾರಿ ಕೆಳಕ್ಕೆ ಇಳಿದು, ತೋಡು ದಾಟಿ, ಮತ್ತೆ ಅಷ್ಟೇ ಎತ್ತರ ಹತ್ತುತ್ತದೆ. ಸೈಕಲನ್ನು ತಳ್ಳಿಕೊಂಡು ಹತ್ತುವಾಗ ಮೊಣಕಾಲಿನಲ್ಲಿ ಏನೋ ಚಳುಕೆಂದಿತು. ಅಂದು ಶುರುವಾದದ್ದು ಇಂದಿಗೂ ಇದೆ.

ದೊಡ್ಡ ಮಾವ ಬೇಲಿಯ ತಡಮೆಯ ಹತ್ತಿರವೇ ನಿಂತಿದ್ದರು. ಕೈಮುಗಿದೆ. ಅವರು ನನ್ನನ್ನು ನೋಡಲಿಲ್ಲ, ಕ್ಯಾರಿಯರನ್ನು ನೋಡಿದರು.

"ಈ ಕಟ್ಟು ಅವಳದ್ದಲ್ಲವಾ?"

ನಾನು ಸರಿದು ಕ್ಯಾರಿಯರಿಗೆ ಅಡ್ಡವಾಗಿ ನಿಂತೆ.

"ಅಲ್ಲಿ ಹೇಳಿಕೆ ಆಯಿತಾ?"

"ಆಯಿತು" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಹಾಗಾದರೆ ನೀನು ಇವತ್ತು ಇಲ್ಲಿಗೆ ಬಂದಿಲ್ಲ. ನಾಳೆ ಮನೆಯಿಂದ ಹೊರಟು ನೇರ ಬಾ. ಎಲ್ಲಿಯೂ ಇಳಿಯಬೇಡ. ಆಗ ನೋಡುವ" ಎಂದರು. ಬಾರದವನಿಗೆ ನೀರು ಕೊಡುವುದು ಹೇಗೆ? ಕೊಡಲಿಲ್ಲ. ತಡಮೆ ದಾಟದೆಯೇ ನಾನು ಸೈಕಲ್ ತಿರುಗಿಸಿದೆ. ಕಣ್ಣಲ್ಲಿ ನೀರು ಬಂತು, ಮುದುಕನ ಮೇಲೆ ಸಿಟ್ಟೂ ಬಂತು. ಅಕ್ಕನ ಮುಖ ನೆನಪಾಗಿ ಎರಡನ್ನೂ ನುಂಗಿಕೊಂಡೆ.

ಕೆರೆಯ ಹತ್ತಿರ ಇಳಿದು ಮಾಮಿಗೆ ಎಲ್ಲವನ್ನೂ ಹೇಳಿದೆ. ಅವಳು ಒಳಗೆ ಹೋಗಿ ಮದುವೆಯ ಕಾಗದ ತಂದು ನನ್ನ ಕೈಯಲ್ಲಿಟ್ಟಳು. "ನನಗೆ ಇನ್ನೂ ಹೇಳಿಕೆ ಬಂದಿಲ್ಲ. ನಾಳೆ ಹೋಗುವಾಗ ಈ ಕಡೆ ನೋಡಲೂಬೇಡ" ಎಂದಳು. ಸೌತೆಕಾಯಿಯನ್ನೂ ಬಿಚ್ಚಿಕೊಂಡಳು.

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಆದದ್ದು ಕೇಳಿ ಅಮ್ಮ ಗೋಡೆಗೊರಗಿ ಕೂತಳು. ಅಕ್ಕ ಮಾತ್ರ, "ನೀನು ಹೋಗಬೇಡ. ಬರುವವರು ಬರಲಿ, ಬಾರದವರು ಬೇಡ" ಎಂದಳು. ಹಾಗೆ ಹೇಳಿದವಳೇ ಅಂಗಳಕ್ಕೆ ಹೋಗಿ ಸೈಕಲಿನ ಧೂಳು ಒರೆಸಿ, ಚೈನಿಗೆ ತೆಂಗಿನೆಣ್ಣೆ ಹಚ್ಚುತ್ತಾ ಕೂತಳು. ಅದನ್ನು ನೋಡಿದ ಮೇಲೆ ಹೋಗದಿರಲು ಹೇಗೆ ಸಾಧ್ಯ?

ಮರುದಿನ ಕಚೇರಿಗೆ ರಜೆ ಹಾಕಿ ಮತ್ತೆ ಅದೇ ಕಾಡು, ಅದೇ ಜಲ್ಲಿ. ನಿನ್ನೆ ಬಿದ್ದ ಜಾಗದಲ್ಲೇ ಮತ್ತೊಮ್ಮೆ ಬಿದ್ದೆ. ಕೆರೆ ಕಂಡಾಗ ತಲೆ ತಗ್ಗಿಸಿಕೊಂಡೆ. ಆದರೂ ಕಣ್ಣಿಗೆ ಬಿತ್ತು: ದಾರಿಯ ಬದಿಯ ಮೋರಿಕಟ್ಟೆಯ ಮೇಲೆ ಒಂದು ಲೋಟ, ಅದರ ಮೇಲೆ ಬಾಳೆಲೆಯ ತುಂಡು, ಹಾರದಂತೆ ಒಂದು ಕಲ್ಲು. ಮಾಮಿ ಆಚೆ ಕೆರೆಯ ಮೆಟ್ಟಿಲಲ್ಲಿ ದಾರಿಗೆ ಬೆನ್ನು ಹಾಕಿ ಕೂತಿದ್ದಳು. ನಾನು ಸೈಕಲಿನಿಂದ ಇಳಿಯಲಿಲ್ಲ. ಒಂದು ಕಾಲನ್ನು ಮೋರಿಕಟ್ಟೆಗೆ ಊರಿ ಮಜ್ಜಿಗೆಯನ್ನು ಒಂದೇ ಉಸಿರಿಗೆ ಕುಡಿದು ಲೋಟ ಅಲ್ಲೇ ಇಟ್ಟೆ. ಅವಳು ತಿರುಗಲಿಲ್ಲ, ನಾನು ಕರೆಯಲಿಲ್ಲ.

ಕಮರಿ ಹತ್ತಿ ಬರುವಷ್ಟರಲ್ಲಿ ನನ್ನಲ್ಲಿ ಜೀವವಿರಲಿಲ್ಲ. ದೊಡ್ಡ ಮಾವ ತಡಮೆಯ ಹತ್ತಿರ ಕಲ್ಲಿನ ಮೇಲೆ ಕೂತಿದ್ದರು. ಎಷ್ಟು ಹೊತ್ತಿನಿಂದ ಕಾದಿದ್ದರೋ, ಮೈಮೇಲೆ ಬಿಸಿಲು ಬಿದ್ದಿತ್ತು.

"ಎಲ್ಲಿಯೂ ಇಳಿಯಲಿಲ್ಲ ಅಲ್ಲವಾ?"

"ಕಾಡಿನಲ್ಲಿ ಒಮ್ಮೆ ಬಿದ್ದೆ, ಕಮರಿಯಲ್ಲಿ ತಳ್ಳಲಿಕ್ಕೆ ಇಳಿದೆ. ಬೇರೆ ಎಲ್ಲಿಯೂ ನೆಲಕ್ಕೆ ಕಾಲು ಊರಲಿಲ್ಲ."

ಅವರು ನನ್ನ ಮುಖವನ್ನೇ ನೋಡುತ್ತಾ ಎದ್ದು ಹತ್ತಿರ ಬಂದರು. ಕೆಲಸ ಕೆಟ್ಟಿತು ಎಂದುಕೊಂಡೆ. ಅವರು ಹೆಗಲಿನ ಬೈರಾಸು ತೆಗೆದು ನನ್ನ ಕೈಗೆ ಕೊಟ್ಟು, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದರು.

"ಮೀಸೆ ಒರೆಸಿಕೋ. ಕರಿಬೇವಿನ ಚೂರು ಉಂಟು."

ಆಮೇಲೆ ಮನೆಯ ಕಡೆ ತಿರುಗಿ, ಕೆರೆಯ ಆಚೆಗೂ ಕೇಳಿಸಬೇಕು ಎಂಬಂತೆ ಕೂಗಿದರು:

"ಬೆಲ್ಲ ನೀರು ತನ್ನಿ! ತಂಗಿಯ ಮಗ ಮಂಗಳೂರಿನಿಂದ ನೇರ ಇಲ್ಲಿಗೇ ಬಂದಿದ್ದಾನೆ!"

ನಾನು ಬೈರಾಸಿನಲ್ಲಿ ಮುಖ ಮುಚ್ಚಿಕೊಂಡೆ, ಮೀಸೆ ಒರೆಸಿದ ಮೇಲೂ ತುಂಬ ಹೊತ್ತು ತೆಗೆಯಲಿಲ್ಲ.