ಆರತಿಯ ನೀರು ಕುಡಿದ ಕಾರು

ನಾನು ಚಿಕ್ಕವಳಿದ್ದಾಗ ಮಾಡಿದ ಒಂದು ಕೆಲಸ ನೆನಪಾದರೆ ಈಗಲೂ ತಲೆ ತಗ್ಗಿಸುವಂತಾಗುತ್ತದೆ. ಮಕ್ಕಳೇ, ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಅಂದು ಆಯುಧಪೂಜೆ. ಸಿಂಗಟಗೆರೆಯ ನಮ್ಮ ಮನೆಯ ಮುಂದೆ ಅಪ್ಪನ ಹಳೆಯ ಕಾರು ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಅಪ್ಪ ಬಾನೆಟ್ ಎತ್ತಿ ಎಂಜಿನ್ನಿಗೂ ಕುಂಕುಮ ಇಟ್ಟಿದ್ದ. ಚಿಕ್ಕಪ್ಪ ನಾಲ್ಕು ಚಕ್ರಗಳ ಅಡಿಗೂ ನಿಂಬೆಹಣ್ಣು ಇಟ್ಟಿದ್ದ. ಅಮ್ಮ ಅರಿಶಿನ, ಸುಣ್ಣ ಕದಡಿದ ಕೆಂಪು ನೀರಿನ ಆರತಿ ಎತ್ತಿ, ತಟ್ಟೆಯನ್ನು ನನಗೆ ಕೊಟ್ಟು, "ಚಕ್ರದ ಮುಂದೆ ಚೆಲ್ಬಿಡು" ಎಂದಳು. ಎಲ್ಲರೂ ಊಟಕ್ಕೆ ಒಳಗೆ ಹೋದರು. ದೃಷ್ಟಿ ತಗುಲುವುದಾದರೆ ಎಂಜಿನ್ನಿಗೇ ತಾನೇ ತಗುಲುವುದು ಎಂದು ನನ್ನ ಬುದ್ಧಿವಂತಿಕೆ. ತುದಿಗಾಲಲ್ಲಿ ನಿಂತು, ತೆರೆದ ಬಾನೆಟ್ಟಿನೊಳಗೆ ತಟ್ಟೆ ಬಗ್ಗಿಸಿಬಿಟ್ಟೆ. ಕೆಂಪಾದ ಕೈಗಳನ್ನು ಲಂಗಕ್ಕೆ ಒರೆಸಿಕೊಂಡೆ.

ಊಟವಾದ ಮೇಲೆ ಅಕ್ಕ ಟೀಚರ್ ತರಬೇತಿಗೆ ಸೇರಲು ಹೊರಡುವವಳಿದ್ದಳು. ಕಡೂರಿಗೆ ಹೋಗಿ ರೈಲು ಹತ್ತಬೇಕು. ಅವಳನ್ನು ಅಷ್ಟು ದೂರ ಕಳಿಸಲು ಅಜ್ಜಿ ಅರೆಮನಸ್ಸಿನಿಂದ ಒಪ್ಪಿದ್ದಳು. ಟ್ರಂಕು ಡಿಕ್ಕಿಗೆ ಏರಿತು. ಅಪ್ಪ ಎಷ್ಟು ಸಲ ಸ್ಟಾರ್ಟ್ ಮಾಡಿದರೂ ಕಾರು ಗೊರಗುಟ್ಟಿತೇ ಹೊರತು ಹೊರಡಲಿಲ್ಲ.

"ನಿಂಬೆಹಣ್ಣೇ ತುಳೀಲಿಲ್ಲ, ಇದು ಅಪಶಕುನ ಕಣೋ. ಅವಳು ಹೋಗೋದು ಬ್ಯಾಡ" ಎಂದಳು ಅಜ್ಜಿ. ಅಕ್ಕ ಸೆರಗಿನ ತುದಿ ಹಿಂಡುತ್ತ ನಿಂತಳು. ನಾನು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

ಚಿಕ್ಕಪ್ಪ ಹಾರನ್ ಒತ್ತಿದ, ಬ್ಯಾಟರಿ ಸರಿಯಿತ್ತು. ಪೈಪು ಕಳಚಿ ನೋಡಿದ, ಪೆಟ್ರೋಲ್ ಬರುತ್ತಿತ್ತು. ಪ್ಲಗ್ಗಿನ ವೈರನ್ನು ಎಂಜಿನ್ನಿನ ಹತ್ತಿರ ಹಿಡಿದು, ಅಪ್ಪನಿಗೆ ಮತ್ತೆ ಸ್ಟಾರ್ಟ್ ಮಾಡಲು ಹೇಳಿದ, ಕಿಡಿ ಹಾರಲಿಲ್ಲ. ಕೊನೆಗೆ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದ. ಒಳಗೆ ಕೆಂಪು ನೀರು. ತಲೆಯೆತ್ತಿ ನನ್ನ ಲಂಗದ ಕಲೆಗಳನ್ನು ನೋಡಿದ. ಆಮೇಲೆ ಪಂಚೆಯ ಅಂಚಿನಿಂದ ಮುಚ್ಚಳ ಒರೆಸುತ್ತ, "ನಂದೇ ತಪ್ಪು ಕಣಣ್ಣ. ಬೆಳಿಗ್ಗೆ ತೊಳೆಯೋವಾಗ ನೀರು ಹೋಗ್ಬಿಟ್ಟೈತೆ" ಎಂದ.

"ನಿನ್ ಕೈಗೆ ಗಾಡಿ ಕೊಟ್ಟಿದ್ದೇ ತಪ್ಪು. ಇನ್ಮೇಲೆ ಕೀ ಮುಟ್ಬೇಡ" ಎಂದ ಅಪ್ಪ.

ಕಾರು ಹೊರಟಿತು. ನಿಂಬೆಹಣ್ಣುಗಳು ಪಚಕ್ಕೆಂದು ಒಡೆದು ಅಂಗಳವೆಲ್ಲ ಘಮ್ಮೆಂದಿತು. ಅಕ್ಕ ಕೈಬೀಸುತ್ತ ಹೋದಳು. ವಾರವಾರವೂ ಅದೇ ಕಾರಿನಲ್ಲಿ ತರೀಕೆರೆಗೆ ಹೋಗಿಬರುತ್ತಿದ್ದ ಚಿಕ್ಕಪ್ಪ ಅಂದಿನಿಂದ ಬಸ್ಸಿಗೆ ಕಾದು ನಿಲ್ಲತೊಡಗಿದ. ಅಪ್ಪ ಇರುವವರೆಗೂ ಅವನ ಕೈಗೆ ಕೀ ಕೊಡಲಿಲ್ಲ.

ಈಗ ನಿಮ್ಮ ಕಾರು ಕೆಟ್ಟರೆ ಮೆಕ್ಯಾನಿಕ್ ಒಂದು ವೈರು ಸಿಕ್ಕಿಸಿ, ಪರದೆ ನೋಡಿಯೇ ರೋಗ ಹೇಳುತ್ತಾನೆ. ಮೊನ್ನೆ ಅಜ್ಜಂಪುರದಲ್ಲಿ ಕಾರು ಸ್ಟಾರ್ಟ್ ಆಗದಿದ್ದಾಗ, ಮೆಕ್ಯಾನಿಕ್ ಬರುವ ಮೊದಲೇ ನಿಮ್ಮಲ್ಲಿ ಚಿಕ್ಕವಳು, "ಒಳಗಿನ ಲೈಟು ಹಾಕಿ ಮರೆತಿದ್ದು ನಾನೇ ಅಪ್ಪ" ಎಂದುಬಿಟ್ಟಳು. ಅಷ್ಟು ಸಲೀಸಾದ ಮಾತು ನನ್ನ ಬಾಯಿಂದ ಈ ವಯಸ್ಸಿನವರೆಗೂ ಬಂದಿಲ್ಲ. ತರೀಕೆರೆಯಲ್ಲಿ ಚಿಕ್ಕಪ್ಪ ಇನ್ನೂ ಇದ್ದಾನೆ. ಅವನಿಗೆ ಎಲ್ಲ ಗೊತ್ತು. ಆದರೂ ನಾನು ಹೇಳಬೇಕು. ಈ ಭಾನುವಾರ ನೀವೂ ಬನ್ನಿ, ನನ್ನ ಪಕ್ಕದಲ್ಲಿ ಕೂತಿರಿ.