ಹಿಯರ್, ಲಿಸನ್ ಮತ್ತು ತಂಗಿಯ ಮಗ್ಗ

ಹಿಯರ್ ಮತ್ತು ಲಿಸನ್ ನಡುವಿನ ವ್ಯತ್ಯಾಸವನ್ನು ಚಳ್ಳಕೆರೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಹೇಳಿಕೊಡುತ್ತಿದ್ದೇನೆ. ರಸ್ತೆಯಲ್ಲಿ ಲಾರಿ ಹಾರ್ನ್ ಹೊಡೆದರೆ ಬೇಡವೆಂದರೂ ಕಿವಿಗೆ ಬೀಳುತ್ತದೆ, ಅದು ಹಿಯರ್. ಕ್ರಿಕೆಟ್ ಕಾಮೆಂಟರಿಗೆ ನೀವಾಗಿಯೇ ಕಿವಿಗೊಡುತ್ತೀರಿ, ಅದು ಲಿಸನ್. ಅದರ ಮುಂದೆ 'ಟು' ಬರಬೇಕು. ಮಕ್ಕಳು 'ಲಿಸನ್ ಮಿ' ಎಂದು ಬರೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ನಿಜವಾಗಿ ನನಗೆ ಸಿಟ್ಟು ಬರಬೇಕಾದದ್ದು ನನ್ನ ಮೇಲೆಯೇ.

ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಎರಡು ರೇಷ್ಮೆ ಮಗ್ಗಗಳಿದ್ದವು, ಒಂದು ಅಪ್ಪನದು, ಇನ್ನೊಂದು ತಂಗಿಯದು. ಮಗ್ಗಕ್ಕೆ ಏರಿಸಿದ ಉದ್ದೆಳೆಗಳ ಒಂದು ಹಾಸಿನಲ್ಲಿ ಮೂರ್ನಾಲ್ಕು ಸೀರೆ ಆಗುತ್ತವೆ. ಅದು ಮುಗಿದಾಗ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಸೇರಿಸಿದ ಮೇಲೆ ನಡುವೆ ಎದ್ದು ಹೋಗುವ ಮಾತೇ ಇಲ್ಲ. ಮಗ್ಗ ಬಿಡುವವರು ಅದಕ್ಕೆ ಮೊದಲೇ ಬಿಡಬೇಕು.

ನಾನು ಊರಿಗೆ ಬಂದಿದ್ದ ಒಂದು ಭಾನುವಾರ ತಂಗಿ ತನ್ನ ಮಗ್ಗ ನಿಲ್ಲಿಸಿ, ಅಪ್ಪನ ಮಗ್ಗದ ಸದ್ದಿನ ಮರೆಯಲ್ಲಿ ಹೇಳಿದಳು: "ಅಣ್ಣ, ಈ ಹಾಸು ಮುಗಿದ್ಮೇಲೆ ನಾನು ಕಾಲೇಜಿಗೆ ಸೇರ್ತೀನಿ. ಹೊಸದು ಸೇರಿಸ್ಬ್ಯಾಡ ಅಂತ ಅಪ್ಪಂಗೆ ನೀನೇ ಹೇಳು."

ನಾನು ತಲೆ ಎತ್ತಲಿಲ್ಲ. ಕೆಲಸ ಹೊಸದು, ಮರುದಿನ ನನ್ನ ಪಾಠ ನೋಡಲು ಮೇಲಿನವರು ಬರುವವರಿದ್ದರು. ತೊಡೆಯ ಮೇಲಿನ ಡ್ರಾಯಿಂಗ್ ಶೀಟಿನಲ್ಲಿ ನಾನು ಬರೆಯುತ್ತಿದ್ದದ್ದೂ ಇದೇ ಎರಡು ಪದಗಳನ್ನು. ಮುಂದಿನ ವಾರ ಅಪ್ಪನ ಹತ್ತಿರ ಮಾತಾಡಿದರಾಯಿತು ಅಂದುಕೊಂಡೆ.

ಬಂದವರು ಪಾಠವನ್ನು ಬಾಯ್ತುಂಬ ಹೊಗಳಿದರು. ಆ ಖುಷಿಯಲ್ಲಿ ಮುಂದಿನ ಭಾನುವಾರ ಗೆಳೆಯರ ಜೊತೆ ಚಳ್ಳಕೆರೆಯಲ್ಲೇ ಉಳಿದೆ. ಆಮೇಲೆ ಊರಿಗೆ ಹೋದಾಗ ತಂಗಿ ಅಪ್ಪನ ಪಕ್ಕ ಕೂತು ತನ್ನ ಮಗ್ಗಕ್ಕೆ ಹೊಸ ಹಾಸಿನ ಎಳೆ ಸೇರಿಸುತ್ತಿದ್ದಳು, ಮುಕ್ಕಾಲು ಮುಗಿದಿತ್ತು. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ನಾನೂ ಬಾಯಿ ಬಿಡಲಿಲ್ಲ, ಅಂಥ ಹೇಡಿ ನಾನು. ಆ ಹಾಸಿನ ಹಿಂದೆ ಇನ್ನೊಂದು ಬಂತು, ಅದರ ಹಿಂದೆ ಮದುವೆ.

ಈಗ ಅವಳು ರಾಂಪುರದಲ್ಲಿದ್ದಾಳೆ. ಮೊನ್ನೆ ಅವಳ ಮಗಳ ಕಾಲೇಜಿನ ಅರ್ಜಿ ತುಂಬಿಕೊಡಲು ಹೋದಾಗ ನನಗೆ ತಡೆಯಲಾಗಲಿಲ್ಲ. ಅವತ್ತು ನೀನು ಹೇಳಿದ್ದು ಅಷ್ಟೂ ನನ್ನ ಕಿವಿಗೆ ಬಿದ್ದಿತ್ತು, ತಪ್ಪೆಲ್ಲ ನನ್ನದೇ ಎಂದೆ.

"ಅಪ್ಪನ ಮಗ್ಗದ ಸದ್ದಿಗೆ ನಿಂಗೆ ಕೇಳಿಸಿಲ್ಲ ಅಂತ್ಲೇ ಇಷ್ಟು ವರ್ಷ ಸಮಾಧಾನ ಮಾಡ್ಕೊಂಡಿದ್ದೆ" ಅಂದಳು.