ಏರಿದ ಗೆರೆ ಯಾವ ಹೊಂಗೇನಹಳ್ಳಿಯದು?

ಕಳೆದ ವಾರ ನಾನು ಒಂದು ಊರನ್ನೇ ಮಾಯ ಮಾಡಿದೆ. ಜೆಸಿಬಿ ತರಿಸಲಿಲ್ಲ, ಲೇಔಟ್ ಹಾಕಿಸಲಿಲ್ಲ (ಹೊಸಕೋಟೆ ಕಡೆ ಊರುಗಳು ಮಾಯವಾಗುವುದು ಸಾಮಾನ್ಯವಾಗಿ ಹಾಗೆ). ಬರೀ ಒಂದು ಸ್ಕ್ರಿಪ್ಟ್ ಬರೆದೆ.

ಗ್ರಾಫ್ ಎಳೆಯುವುದು ನನ್ನ ಹೊಟ್ಟೆಪಾಡು. ನೀವು ಅಂಕಿ ಕೊಟ್ಟರೆ ನಾನು ಸಾಫ್ಟ್‌ವೇರಿನಲ್ಲಿ ಗೆರೆ ಮಾಡಿಕೊಡುತ್ತೇನೆ. ಈ ಸಲದ್ದು ಹಾಲಿನ ಕೆಲಸ. ಹೊಸಕೋಟೆ ಸುತ್ತಲಿನ ಹಳ್ಳಿ ಡೈರಿಗಳಲ್ಲಿ ಹಾಲಿನ ಫ್ಯಾಟ್ ವರ್ಷವಿಡೀ ಹೇಗಿತ್ತು ಅಂತ ತೋರಿಸಬೇಕು. ಊರಿಗೊಂದು ಗೆರೆ. ಯಾರ ಗೆರೆ ಚೆನ್ನಾಗಿ ಏರಿದೆಯೋ ಅವರಿಗೆ ಹಾಲು ತಣ್ಣಗಿಡುವ ದೊಡ್ಡ ಕೂಲರ್. ಅದಿದ್ದರೆ ವ್ಯಾನ್ ತಡವಾದರೂ ಬೇಸಿಗೆಯಲ್ಲಿ ಹಾಲು ಒಡೆಯುವುದಿಲ್ಲ.

ಗೆರೆ ಎಳೆಯುವುದು ಸುಲಭ. ಪ್ರತಿ ಗೆರೆಯ ತುದಿಗೆ ಆಯಾ ಊರಿನ ಹೆಸರು ಬರೆಯುವುದಿದೆಯಲ್ಲ, ಅದು ತಲೆನೋವು. ಒಂದೊಂದೇ ಅಂಟಿಸುತ್ತಾ ಕೂರುವವರು ಯಾರು? ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲಿ ನೀನೇ ಹೆಸರು ಹಾಕು ಅಂತ ಕಂಪ್ಯೂಟರಿಗೆ ಸ್ಕ್ರಿಪ್ಟ್ ಬರೆದುಬಿಟ್ಟೆ. ಆದರೆ ನಮ್ಮ ಊರುಗಳ ಹೆಸರೋ, ಗೂಡ್ಸ್ ರೈಲಿನಷ್ಟು ಉದ್ದ. ಅಂಚು ದಾಟಿ ಹೋಗುತ್ತಿದ್ದವು. ಅದಕ್ಕೆ, ಕೊನೆಯ ಪದ ಮಾತ್ರ ಇಟ್ಟುಕೋ ಅಂದೆ. ಒಂದೇ ಹೆಸರು ಮತ್ತೆ ಬಂದರೆ ಎರಡನೆಯದನ್ನು ಬಿಟ್ಟುಬಿಡು ಅಂತಲೂ ಸೇರಿಸಿದೆ. ಎಷ್ಟು ನೀಟಾಗಿ ಬಂತು ಅಂತೀರಿ! ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆ ಕಡೆ ಚಿಕ್ಕ ಹೊಂಗೇನಹಳ್ಳಿ, ದೊಡ್ಡ ಹೊಂಗೇನಹಳ್ಳಿ ಅಂತ ಎರಡು ಊರಿವೆ (ಹೆಸರು ಬದಲಿಸಿದ್ದೇನೆ, ನಾನು ಮತ್ತೆ ಆ ದಾರೀಲಿ ಓಡಾಡಬೇಕು). ನಡುವೆ ಒಂದು ಕೆರೆ. ಹೆಣ್ಣು ಕೊಟ್ಟು ತಂದು ಮಾಡುತ್ತಾರೆ, ಜಗಳವನ್ನೂ ಬಿಟ್ಟಿಲ್ಲ. ಸುಮ್ಮನೆ 'ಹೊಂಗೇನಹಳ್ಳಿ' ಅಂದರೆ ಸುತ್ತಮುತ್ತ ಎಲ್ಲರಿಗೂ ಅದು ದೊಡ್ಡದೇ. ಇನ್ನೊಂದಕ್ಕೆ ಮಾತ್ರ ಮರೆಯದೆ 'ಚಿಕ್ಕ' ಸೇರಿಸುತ್ತಾರೆ.

ಡೈರಿಯವರೆಲ್ಲ ಸೇರಿದ್ದ ಮೀಟಿಂಗಿನಲ್ಲಿ ಗ್ರಾಫ್ ತೆರೆದೆ. ಎಲ್ಲಕ್ಕಿಂತ ಮೇಲೇರಿದ ಗೆರೆಯ ತುದಿಯಲ್ಲಿ 'ಹೊಂಗೇನಹಳ್ಳಿ' ಅಂತಿತ್ತು. ದೊಡ್ಡ ಹೊಂಗೇನಹಳ್ಳಿ ಡೈರಿಯ ಅಧ್ಯಕ್ಷರು ನಂಜೇಗೌಡರು. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. ಚಪ್ಪಾಳೆ ಬಿತ್ತು. ಕೂಲರ್ ಮಂಜೂರು ಮಾಡಬೇಕಿದ್ದ ಸಾಹೇಬರು, "ಇನ್ನೇನ್ ಗೌಡ್ರೇ, ನಿಮಗೇ" ಅಂದೇಬಿಟ್ಟರು.

ಆಗ ರತ್ನಕ್ಕ ಎದ್ದು ನಿಂತಳು. ಚಿಕ್ಕ ಹೊಂಗೇನಹಳ್ಳಿ ಹೆಂಗಸರ ಡೈರಿಯ ಸೆಕ್ರೆಟರಿ. ನನ್ನ ದೊಡ್ಡಮ್ಮನ ಮಗಳು ಬೇರೆ.

"ಸಾರ್, ನಮ್ಮೂರೆಲ್ಲಿ?"

ಸಾಹೇಬರು ಹುಡುಕಿದರು. ಕೆಳಕ್ಕೆ ಜಾರಿದ ಒಂದು ಗೆರೆಗೆ ಹೆಸರೇ ಇರಲಿಲ್ಲ. "ಇದೇ ಇರ್ಬೇಕಮ್ಮ."

"ಇರ್ಬೇಕು ಅಂದ್ರೇನ್ ಸಾರ್? ಬಿದ್ದಿರೋದೆಲ್ಲ ನಮ್ದೇನಾ? ವರ್ಷಪೂರ್ತಿ ಹಿಂಡಿ, ಹಸಿಹುಲ್ಲು ಅಂತ ಒದ್ದಾಡಿದೀವಿ. ಒಂದ್ ಹೆಸ್ರೂ ಗತಿಯಿಲ್ವಾ ನಮ್ಗೆ?"

ನನಗೆ ಆಗ ಹೊಳೆಯಿತು. ನನ್ನ ಸ್ಕ್ರಿಪ್ಟ್ 'ಚಿಕ್ಕ'ವನ್ನೂ 'ದೊಡ್ಡ'ವನ್ನೂ ಕತ್ತರಿಸಿ ಎಸೆದಿತ್ತು. ಉಳಿದದ್ದು ಎರಡು ಹೊಂಗೇನಹಳ್ಳಿ. ಅಕ್ಷರಮಾಲೆಯಲ್ಲಿ 'ಚ' ಮೊದಲು, ಹಾಗಾಗಿ ಹೆಸರು ಚಿಕ್ಕದರ ಗೆರೆಗೆ ಅಂಟಿತ್ತು. ಆಮೇಲೆ ಬಂದ ದೊಡ್ಡದನ್ನು ಡೂಪ್ಲಿಕೇಟ್ ಅಂತ ಬಿಟ್ಟುಹಾಕಿತ್ತು. ಅಂದರೆ ಏರಿದ ಗೆರೆ ರತ್ನಕ್ಕನವರದೇ! ಖುಷಿಯೂ ಆಯಿತು, ನಾಚಿಕೆಯೂ ಆಯಿತು.

ಇರುವ ವಿಷಯ ಹೇಳಿದೆ. ಎಲ್ಲರೆದುರಿಗೇ ತಿದ್ದಿ ಮತ್ತೆ ರನ್ ಮಾಡಿದೆ. ಮೇಲಿನ ಗೆರೆಗೆ ಚಿಕ್ಕ ಹೊಂಗೇನಹಳ್ಳಿ ಅಂತ ಬಂತು, ಜಾರಿದ ಗೆರೆಗೆ ದೊಡ್ಡ ಹೊಂಗೇನಹಳ್ಳಿ ಅಂತ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ನಂಜೇಗೌಡರು ನಿಧಾನವಾಗಿ ಶುರು ಮಾಡಿದರು. "ಏನಪ್ಪಾ, ಕಂಪ್ಯೂಟರ್ ತಾನಾಗೇ ನಮ್ಮೂರು ಅಂತ ಬರೆದಿತ್ತು. ನೀನ್ ಕೈ ಇಟ್ಮೇಲೆ ಬದಲಾಯ್ತು. ಆ ಯಮ್ಮ ನಿನ್ಗೇನಾಗ್ಬೇಕು?"

"ಅಕ್ಕ."

"ಅದೇ ಮತ್ತೆ!"

ಅಂಕಿಗಳ ಶೀಟ್ ತೆರೆದು ತೋರಿಸಿದೆ. ಇದನ್ನ ಟೈಪ್ ಮಾಡಿದ್ಯಾರು ಅಂದರು. ಅದೂ ನಾನೇ. ಸಾಹೇಬರು ಗಡಿಯಾರ ನೋಡಿಕೊಂಡು, "ಮುಂದಿನ ಮೀಟಿಂಗಲ್ಲಿ ನೋಡೋಣ ಬಿಡಿ" ಅಂದರು. ಆಮೇಲೆ ಟೀ, ಬಿಸ್ಕತ್ತು.

ಗೌಡರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಆದರೆ ಒಂದು ತಮಾಷೆ ನೋಡಿ. ಯಂತ್ರ ಹೆಸರು ಹಾಕಿದಾಗ, ಯಾಕೆ ಹಾಕಿದೆ ಅಂತ ಒಬ್ಬರೂ ಕೇಳಲಿಲ್ಲ. ಮನುಷ್ಯ ತಿದ್ದಲು ಹೋದಾಗ ಜಾತಕವೇ ಹೊರಬಂತು. 'ಆಟೋಮ್ಯಾಟಿಕ್' ಅಂದರೆ ಸಾಕು, ತೀರ್ಥ ಅಂತ ಕಣ್ಣಿಗೊತ್ತಿಕೊಳ್ಳುತ್ತೇವೆ. ಅಲ್ಲಾ ಸ್ವಾಮೀ, ಆ ತಪ್ಪು ಸ್ಕ್ರಿಪ್ಟ್ ಬರೆದಾಗಲೂ ನಾನು ರತ್ನಕ್ಕನ ತಮ್ಮನೇ ಆಗಿದ್ದೆನಲ್ಲ?

ರತ್ನಕ್ಕನನ್ನು ಬಿಡಲು ಬಸ್ ಸ್ಟ್ಯಾಂಡ್‌ವರೆಗೂ ಹೋದೆ. ಈ ಬೇಸಿಗೆಯೂ ಹಾಲಿನ ಕ್ಯಾನ್ ಇಟ್ಟುಕೊಂಡು ವ್ಯಾನಿಗೆ ಕಾಯಬೇಕಲ್ಲ, ಆ ಸಂಕಟ ಅವಳ ಮುಖದಲ್ಲೇ ಇತ್ತು. ಬಸ್ ಹತ್ತುವಾಗ ತಿರುಗಿ ಹೇಳಿದಳು: "ನೀನ್ ಬೇರೆ ಯಾರೋ ಆಗಿದ್ದಿದ್ರೆ, ಇವತ್ತೇ ಕೂಲರ್ ಬರ್ತಿತ್ತು ಕಣೋ."

'ತಮ್ಮ' ಅನ್ನುವ ಲೇಬಲ್ ಅಳಿಸುವ ಸ್ಕ್ರಿಪ್ಟ್ ಯಾರ ಹತ್ತಿರವಾದರೂ ಇದೆಯೇ?